‘ಎತ್ಲಾಗ ಹೊಂಟಿ?’ ಅನ್ನುವವರಿಗೆ ‘ವಿದರ್’ ಕಷ್ಟವಲ್ಲ

ನಿಪ್ಪಾಣಿಯಿಂದ ಕಾಗವಾಡದವರೆಗೆ ಈ ಅಂಕಣ ಓದುವವರು ಇಂಗ್ಲಿಷಿನ ಬಗ್ಗೆ ನಾನಾ ಪ್ರಶ್ನೆ ಕೇಳುತ್ತಾರೆ. ಅವುಗಳಲ್ಲಿ ಒಂದು ಮಾತ್ರ ತಪ್ಪದೆ ಮತ್ತೆ ಮತ್ತೆ ಬರುತ್ತದೆ. ‘ಹೆನ್ಸ್’, ‘ದೆನ್ಸ್’, ‘ವೆನ್ಸ್’ ಇವುಗಳ ನಡುವೆ ಏನು ವ್ಯತ್ಯಾಸ? ‘ಹಿದರ್’, ‘ದಿದರ್’, ‘ವಿದರ್’ ಮೂರೂ ಒಂದೇ ಅರ್ಥದವೋ ಬೇರೆ ಬೇರೆಯೋ? ‘ಹಿಯರ್‌ಆಫ್’ ಇದ್ದಲ್ಲಿ ‘ದೇರ್‌ಆಫ್’ ಹಾಕಿದರೆ ಕಾಗದದ ಅರ್ಥ ಕೆಡುತ್ತದೆಯೋ? ಕೇಳುವವರೂ ಒಂದೇ ಬಗೆಯವರಲ್ಲ. ಪದವಿ ತರಗತಿಯಲ್ಲಿ ಶೇಕ್ಸ್‌ಪಿಯರ್ ಓದುವ ಹುಡುಗಿಯರಿದ್ದಾರೆ, ಸ್ಪರ್ಧಾತ್ಮಕ ಪರೀಕ್ಷೆಗೆ ಕೂತವರಿದ್ದಾರೆ, ಅಜ್ಜನ ಟ್ರಂಕಿನಲ್ಲಿ ಮುಂಬೈ ಪ್ರಾಂತದ ಕಾಲದ ಇಂಗ್ಲಿಷ್ ಡಿಕ್ರಿಯೋ ಕರಾರು ಪತ್ರವೋ ಸಿಕ್ಕವರಿದ್ದಾರೆ, ಚರ್ಚಿನಲ್ಲಿ ಹಳೆಯ ಪ್ರಾರ್ಥನೆಗಳನ್ನು ಇಂಗ್ಲಿಷಿನಲ್ಲಿ ಹೇಳುವವರೂ ಇದ್ದಾರೆ.

ಎಲ್ಲರ ತೊಡಕೂ ಒಂದೇ. ಈ ಪದಗಳು ಒಂದರ ಮುಖ ಇನ್ನೊಂದಕ್ಕೆ ಹೋಲುತ್ತವೆ. ಬಳಕೆ ತಪ್ಪಿ ಬಹಳ ಕಾಲವಾದ್ದರಿಂದ ಕಿವಿಗೆ ಬೀಳುವುದಿಲ್ಲ. ಡಿಕ್ಷನರಿ ತೆಗೆದರೆ ಪ್ರತಿಯೊಂದರ ಎದುರಿಗೂ ‘ಹಳೆಯ ಬಳಕೆ’ ಎಂಬ ಗುರುತು, ಪಕ್ಕದಲ್ಲಿ ಎರಡು ಶಬ್ದದ ಅರ್ಥ, ಅಷ್ಟೇ. ಬಾಯಿಪಾಠ ಮಾಡಿದವರು ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ತರಗತಿಯಲ್ಲಿ ಇದನ್ನು ನೋಡುತ್ತಲೇ ಬಂದಿದ್ದೇನೆ, ಮರೆಯುವುದು ಹುಡುಗರ ತಪ್ಪೆಂದು ನನಗೆಂದೂ ಅನ್ನಿಸಿಲ್ಲ. ಬಿಡಿಬಿಡಿಯಾಗಿ ಕಲಿಸಿದ್ದು ಬಿಡಿಬಿಡಿಯಾಗಿಯೇ ಉದುರಿ ಹೋಗುತ್ತದೆ. ಇವು ಬಿಡಿ ಪದಗಳಲ್ಲ, ಒಂದು ಕಟ್ಟುನಿಟ್ಟಾದ ಕೋಷ್ಟಕದ ಮನೆಗಳು. ಆ ಕೋಷ್ಟಕ ನಮ್ಮ ಕನ್ನಡದಲ್ಲಿ ಇವತ್ತಿಗೂ ಜೀವಂತವಾಗಿದೆ. ಚಿಕ್ಕೋಡಿ, ರಾಯಬಾಗ, ಅಥಣಿಯ ಜನ ಬೆಳಗಾದರೆ ಅದನ್ನೇ ಮಾತಾಡುತ್ತಾರೆ.

ಎಲ್ಲರಿಗೂ ಗೊತ್ತಿರುವ ಸಾಲಿನಿಂದ ಹೊರಡೋಣ. ‘ಹಿಯರ್’ ಅಂದರೆ ಇಲ್ಲಿ, ‘ದೇರ್’ ಅಂದರೆ ಅಲ್ಲಿ, ‘ವೇರ್’ ಅಂದರೆ ಎಲ್ಲಿ. ಕನ್ನಡದಲ್ಲಿ ಮೊದಲಕ್ಷರ ಮಾತ್ರ ಬದಲಾಗಿದೆ. ‘ಇ’ ಬಂದರೆ ಹತ್ತಿರದ್ದು, ‘ಅ’ ಬಂದರೆ ದೂರದ್ದು, ‘ಎ’ ಬಂದರೆ ಪ್ರಶ್ನೆ. ಇಂಥ, ಅಂಥ, ಎಂಥ; ಇಷ್ಟು, ಅಷ್ಟು, ಎಷ್ಟು. ಇಂಗ್ಲಿಷಿನಲ್ಲೂ ಮೊದಲಕ್ಷರದ್ದೇ ಆಟ. ‘ಎಚ್’ ಬಂದರೆ ಹತ್ತಿರದ್ದು, ‘ಟಿ-ಎಚ್’ ಬಂದರೆ ದೂರದ್ದು, ‘ಡಬ್ಲ್ಯು-ಎಚ್’ ಬಂದರೆ ಪ್ರಶ್ನೆ. ಇಷ್ಟು ಹಿಡಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಪದದ ಬಾಲದಲ್ಲಿದೆ.

ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕಿವಿಗೊಡಿ. ಒಂದು ಬಸ್ಸು ಬಂದು ನಿಂತ ಕೂಡಲೇ ಮಂದಿ ಮೂರು ಪ್ರಶ್ನೆ ಕೇಳುತ್ತಾರೆ. “ಈ ಗಾಡಿ ಎಲ್ಲಿಂದ ಬಂತ್ರಿ?” “ಎತ್ಲಾಗ ಹೊಂಟೈತಿ?” “ನಮ್ಮೂರ ಕ್ರಾಸಿಗೆ ಎಲ್ಲಿ ನಿಂದರತೈತಿ?” ಬಂದ ಜಾಗಕ್ಕೆ ಒಂದು ಪದ, ಹೋಗುವ ದಿಕ್ಕಿಗೆ ಒಂದು, ನಿಲ್ಲುವ ಜಾಗಕ್ಕೆ ಒಂದು. ಈಗಿನ ಇಂಗ್ಲಿಷಿನವನಿಗೆ ಮೂರಕ್ಕೂ ‘ವೇರ್’ ಒಂದೇ ಗತಿ. ಬಂದ ಜಾಗ ಕೇಳಬೇಕಾದರೆ ಬಾಲಕ್ಕೆ ‘ಫ್ರಮ್’ ಹಚ್ಚಬೇಕು. ಹಳೆಯ ಇಂಗ್ಲಿಷಿನವನಿಗೆ ಈ ಬಡತನ ಇರಲಿಲ್ಲ. ನಿಲ್ಲುವ ಜಾಗಕ್ಕೆ ‘ವೇರ್’ ಅನ್ನುತ್ತಿದ್ದ, ಹೋಗುವ ದಿಕ್ಕಿಗೆ ‘ವಿದರ್’ ಅನ್ನುತ್ತಿದ್ದ, ಬಂದ ಜಾಗಕ್ಕೆ ‘ವೆನ್ಸ್’ ಅನ್ನುತ್ತಿದ್ದ.

ಹಾಗಾಗಿ ಕೋಷ್ಟಕ ಹೀಗೆ ಕೂಡುತ್ತದೆ. ಮೊದಲ ಸಾಲು ‘ಹಿಯರ್, ದೇರ್, ವೇರ್’: ಇಲ್ಲಿ, ಅಲ್ಲಿ, ಎಲ್ಲಿ. ಎರಡನೆಯ ಸಾಲು ‘ಹಿದರ್, ದಿದರ್, ವಿದರ್’: ಇತ್ತ, ಅತ್ತ, ಎತ್ತ, ನಮ್ಮ ಬಾಯಲ್ಲಿ ಇತ್ಲಾಗ, ಅತ್ಲಾಗ, ಎತ್ಲಾಗ. ಮೂರನೆಯ ಸಾಲು ‘ಹೆನ್ಸ್, ದೆನ್ಸ್, ವೆನ್ಸ್’: ಇಲ್ಲಿಂದ, ಅಲ್ಲಿಂದ, ಎಲ್ಲಿಂದ. ಒಂಬತ್ತು ಪದ, ಒಂಬತ್ತು ಮನೆ. ಬಾಲದಲ್ಲಿ ‘ದರ್’ ಇದ್ದರೆ ಹೋಗುವ ದಿಕ್ಕು, ‘ನ್ಸ್’ ಇದ್ದರೆ ಹೊರಟ ಜಾಗ. ‘ಇತ್ತ’ ಅಂದ ಮೇಲೆ ದಿಕ್ಕು ಅದರಲ್ಲೇ ಇರುವಂತೆ ‘ಹಿದರ್’ ಪದಕ್ಕೂ ಬೇರೆ ‘ಟು’ ಬೇಕಿಲ್ಲ. ‘ಎಲ್ಲಿಂದ’ದಲ್ಲಿ ‘ಇಂದ’ ಸೇರಿಕೊಂಡಂತೆ ‘ವೆನ್ಸ್’ ಪದದೊಳಗೆ ‘ಫ್ರಮ್’ ಸೇರಿಕೊಂಡೇ ಇದೆ. ಆದರೂ ಹಿಂದಿನ ಒಳ್ಳೊಳ್ಳೆಯ ಬರಹಗಾರರು ‘ಫ್ರಮ್ ವೆನ್ಸ್’ ಎಂದು ಬರೆದಿದ್ದಾರೆ. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲ್ಲಿನಲ್ಲೂ ಅದು ಸಿಗುತ್ತದೆ. ಹಾಗಾಗಿ ಓದುವಾಗ ಕಂಡರೆ ತಪ್ಪೆಂದು ಗೀಟು ಹಾಕುವ ಅಗತ್ಯವಿಲ್ಲ. ಪರೀಕ್ಷೆಯಲ್ಲಿ ಬರೆಯುವಾಗ ಮಾತ್ರ ಒಂದೇ ಪದ ಸಾಕು.

ನಿಪ್ಪಾಣಿ ಕಡೆಯ ಓದುಗರು ಇಲ್ಲೊಂದು ಪ್ರಶ್ನೆ ಕೇಳುತ್ತಾರೆ. ಇಂಗ್ಲಿಷಿನ ಈ ಪದಗಳು ನಮ್ಮ ಮಾತಿಗೆ ನೆಂಟರೇ? ಕನ್ನಡಕ್ಕಂತೂ ಅಲ್ಲ. ಕನ್ನಡದ್ದು ದ್ರಾವಿಡ ಮನೆತನ, ಇಂಗ್ಲಿಷಿನದು ಬೇರೆ ಮನೆತನ. ಇಬ್ಬರೂ ತಂತಮ್ಮ ಮನೆಯಲ್ಲಿ ಒಂದೇ ಬಗೆಯ ವ್ಯವಸ್ಥೆ ಮಾಡಿಕೊಂಡಿದ್ದಾರೆ, ಅಷ್ಟೇ. ಆದರೆ ಮರಾಠಿಗೂ ಇಂಗ್ಲಿಷಿಗೂ ದೂರದ ರಕ್ತಸಂಬಂಧ ಇದೆ. ಸಂಸ್ಕೃತದ ‘ತತ್ರ’, ಮರಾಠಿಯ ‘ತಿಕಡೆ’ ಇವುಗಳ ‘ತ’ಕಾರವೂ ಇಂಗ್ಲಿಷಿನ ‘ದೇರ್’, ‘ದಿದರ್’, ‘ದೆನ್ಸ್’ ಪದಗಳ ‘ಟಿ-ಎಚ್’ ಕೂಡ ಒಂದೇ ಮೂಲದಿಂದ ಬಂದವು. ಸಂಸ್ಕೃತದ ‘ಕುತ್ರ’, ಮರಾಠಿಯ ‘ಕುಠೆ’ ಇವುಗಳ ‘ಕ’ಕಾರವೇ ಅತ್ತ ಜರ್ಮನ್ ಬಳಗದ ಭಾಷೆಗಳಲ್ಲಿ ಹಕಾರವಾಯಿತು. ಹಳೆಯ ಇಂಗ್ಲಿಷಿನಲ್ಲಿ ‘ವೇರ್’ ಪದವನ್ನು ಹಕಾರ ಮೊದಲು, ವಕಾರ ಆಮೇಲೆ ಬರುವಂತೆ ಬರೆಯುತ್ತಿದ್ದರು. ಇಂದು ಉಚ್ಚಾರದಲ್ಲಿ ಸಾಮಾನ್ಯವಾಗಿ ಕೇಳದೆ ಕಾಗುಣಿತದಲ್ಲಿ ಮಾತ್ರ ಉಳಿದ ‘ಎಚ್’ ಆ ಹಕಾರದ ಗುರುತು. ಜರ್ಮನಿಯ ಯಾಕೋಬ್ ಗ್ರಿಮ್ 1822ರಲ್ಲಿ ಈ ಬಗೆಯ ಧ್ವನಿಬದಲಾವಣೆಗಳ ನಿಯಮವನ್ನು ವಿವರವಾಗಿ ಬರೆದ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಮಾತಾಡುವ ನಿಪ್ಪಾಣಿಯ ಹುಡುಗನಿಗೆ ಕೋಷ್ಟಕ ಕನ್ನಡದಿಂದ ಸಿಗುತ್ತದೆ, ಅಕ್ಷರಗಳ ವಂಶಾವಳಿ ಮರಾಠಿಯಿಂದ ಸಿಗುತ್ತದೆ.

ಇನ್ನು ಜಾಗದ ಪದಗಳು ಕಾಲಕ್ಕೆ ಮತ್ತು ಕಾರಣಕ್ಕೆ ಹೊರಳುವ ಸಂಗತಿ. ‘ಹೆನ್ಸ್’ ಅಂದರೆ ‘ಇಲ್ಲಿಂದ’ ಎಂದೆ. ಆದರೆ ಆಫೀಸಿನ ಪತ್ರದಲ್ಲಿ ‘ಹೆನ್ಸ್’ ಬಂದರೆ ‘ಆದ್ದರಿಂದ’ ಎಂದರ್ಥ. ‘ಟೂ ಇಯರ್ಸ್ ಹೆನ್ಸ್’ ಅಂದರೆ ಇಲ್ಲಿಂದ ಎರಡು ವರ್ಷಕ್ಕೆ, ಅಂದರೆ ಇನ್ನೆರಡು ವರ್ಷ ಕಳೆದ ಮೇಲೆ. ಒಂದೇ ಪದಕ್ಕೆ ಮೂರು ಅರ್ಥವೇ ಎಂದು ಗಾಬರಿ ಬೀಳಬೇಕಿಲ್ಲ. ನಮ್ಮ ‘ಇಂದ’ ಪ್ರತ್ಯಯವೂ ಇದನ್ನೇ ಮಾಡುತ್ತದೆ. ‘ಇಲ್ಲಿಂದ’ ಎಂದರೆ ಜಾಗ, ‘ಇವತ್ತಿನಿಂದ’ ಎಂದರೆ ಕಾಲ, ‘ಇದರಿಂದ’ ಎಂದರೆ ಕಾರಣ. ‘ಹಿದರ್‌ಟೂ’ ಪದಕ್ಕೆ ಡಿಕ್ಷನರಿ ‘ಇದುವರೆಗೆ’ ಎಂದು ಅರ್ಥ ಕೊಡುತ್ತದೆ. ನಮ್ಮ ಕಡೆ “ಇಲ್ಲೀತನಾ ಮಳಿ ಬಂದಿಲ್ಲ” ಅನ್ನುತ್ತೇವೆ. ‘ಇಲ್ಲೀತನಾ’ ಜಾಗದ ಪದ, ಹೇಳುತ್ತಿರುವುದು ಕಾಲ. ‘ಹಿದರ್‌ಟೂ’ ಪದದ ಹೊಟ್ಟೆಯಲ್ಲೂ ಇರುವುದು ಇದೇ. ‘ಹೆನ್ಸ್‌ಫೋರ್ತ್’ ಅಂದರೆ “ಇನ್ನ ಮ್ಯಾಲ”. ‘ದೆನ್ಸ್‌ಫೋರ್ತ್’ ಅಂದರೆ “ಅವಾಗಿಂದ ಮುಂದ”. ಇವೆರಡನ್ನು ಅದಲುಬದಲು ಮಾಡುವವರು ಬಹಳ. ‘ಎಚ್’ ಇದ್ದರೆ ಇಂದಿನಿಂದ, ‘ಟಿ-ಎಚ್’ ಇದ್ದರೆ ಅಂದಿನಿಂದ ಎಂಬ ಅದೇ ಸೂತ್ರ ಇಲ್ಲಿಯೂ ಕೈಬಿಡುವುದಿಲ್ಲ.

ಈ ಗುಂಪಿನಲ್ಲಿ ಅತಿ ಹೆಚ್ಚು ಮೋಸ ಮಾಡುವ ಪದ ‘ವೇರ್‌ಫೋರ್’. ‘ರೋಮಿಯೋ ಅಂಡ್ ಜೂಲಿಯಟ್’ ನಾಟಕದಲ್ಲಿ ಮೇಲುಪ್ಪರಿಗೆಯಲ್ಲಿ ನಿಂತ ಜೂಲಿಯಟ್ ರೋಮಿಯೋನ ಹೆಸರು ಹಿಡಿದು ಈ ಪದದಿಂದ ಪ್ರಶ್ನೆ ಕೇಳುತ್ತಾಳೆ. ನಾಟಕ ಓದಿದ ಬಹಳ ಜನ, ಇಂಗ್ಲಿಷರೂ ಕೂಡ, ಅವಳು ‘ಎಲ್ಲಿದ್ದೀಯಾ’ ಎಂದು ಹುಡುಕುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಅವಳು ಕೇಳುವುದು ‘ಯಾಕೆ’ ಎಂದು. ವೈರಿಗಳ ಮನೆತನದ ಹೆಸರು ಹೊತ್ತ ರೋಮಿಯೋ ನೀನು ಯಾಕಾದೆ ಎಂಬುದು ಅವಳ ಸಂಕಟ. ಎಲ್ಲಿ ಎಂದು ಓದಿದರೆ ಆ ಸಂಕಟವೇ ಕಳೆದುಹೋಗಿ ಬರೀ ಹುಡುಕಾಟ ಉಳಿಯುತ್ತದೆ. ರಾಯಬಾಗದ ಹುಡುಗಿಗೆ ಇದನ್ನು ಬಿಡಿಸಿ ಹೇಳಲು ಉದ್ದನೆಯ ಟಿಪ್ಪಣಿ ಬೇಕಿಲ್ಲ. “ಎದಕ್ಕ ಬಂದಿ?” ಅಂತ ನಾವು ಕೇಳುವುದಿಲ್ಲವೇ? ‘ಎದಕ್ಕ’ ಎಂದರೆ ಯಾವುದಕ್ಕೆ, ಅಂದರೆ ಯಾಕೆ. ‘ವೇರ್’ ಎಂಬುದು ‘ಎ’, ‘ಫೋರ್’ ಎಂಬುದು ‘ಗೆ’ ಅಥವಾ ‘ಸಲುವಾಗಿ’. ಅದರ ಜೋಡಿ ‘ದೇರ್‌ಫೋರ್’ ಇಂದಿಗೂ ಬಳಕೆಯಲ್ಲಿದೆ. ಅದು ನಮ್ಮ ‘ಅದಕ್ಕ’. “ಎದಕ್ಕ ಬರಲಿಲ್ಲ?” “ಮಳಿ ಬಂತು, ಅದಕ್ಕ.” ‘ವೇರ್‌ಫೋರ್’ಗೆ ‘ದೇರ್‌ಫೋರ್’ ಉತ್ತರ. ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನವರೂ ತಲೆಯೆತ್ತುತ್ತಾರೆ. ಯಾಕೆಂದರೆ ಮನೆಯ ಮಾತು ಪುಸ್ತಕದ ಮಾತಿಗೆ ಬೆಲೆ ಕಟ್ಟಿದ ಗಳಿಗೆ ಅದು.

ಈಗ ಟ್ರಂಕಿನ ಕಾಗದಕ್ಕೆ ಬರೋಣ. ನಮ್ಮ ತಾಲ್ಲೂಕುಗಳ ಹಳೆಯ ಕಾಗದಪತ್ರಗಳದ್ದೇ ಒಂದು ಕಥೆ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಬೆಳಗಾವಿ ಸೀಮೆ ಇಂಗ್ಲಿಷರ ಕೈಗೆ ಬಂತು, ಮುಂಬೈ ಪ್ರಾಂತಕ್ಕೆ ಸೇರಿತು. ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿ ಉಳಿಯಿತು. ಆ ಸಂಸ್ಥಾನ ವಿಲೀನವಾದದ್ದು 1949ರಲ್ಲಿ. 1956ರ ನವೆಂಬರ್ 1ರಂದು ಬೆಳಗಾವಿ ಸೀಮೆ ಮೈಸೂರು ರಾಜ್ಯದೊಳಗೆ ಬಂತು. ಹಾಗಾಗಿ ಒಂದೇ ಮನೆಯ ಟ್ರಂಕಿನಲ್ಲಿ ಮೋಡಿ ಲಿಪಿಯ ಖರೇದಿ ಪತ್ರ, ಮರಾಠಿಯ ವಾಟ್ನಿ ಪತ್ರ, ಕನ್ನಡದ ಉತಾರ, ಇಂಗ್ಲಿಷಿನ ಕೋರ್ಟ್ ಡಿಕ್ರಿ ಒಟ್ಟಿಗೇ ಇರುವುದುಂಟು. ಮೋಡಿಗೆ ಓದುವವರನ್ನು ಹುಡುಕುತ್ತಾರೆ. ಇಂಗ್ಲಿಷ್ ಕಾಗದವನ್ನು ಮೊಮ್ಮಗ ಓದುತ್ತಾನೆ ಎಂಬ ಭರವಸೆ. ಮೊಮ್ಮಗ ಓದುತ್ತಾನೆ, ಆದರೆ ‘ಹಿಯರ್‌ಆಫ್’, ‘ದೇರ್‌ಆಫ್’, ‘ಹಿಯರ್‌ಇನ್‌ಬಿಫೋರ್’ ಬಂದಲ್ಲಿ ಎಡವುತ್ತಾನೆ.

ಉದಾಹರಣೆಗೆ ಒಂದು ಹೊಲದ ಲಾವಣಿ ಪತ್ರ ಇದೆ ಎಂದಿಟ್ಟುಕೊಳ್ಳಿ. ಮೊದಲು ಸರ್ವೆ ನಂಬರು, ಚಕಬಂದಿ ಬರೆದಿದ್ದಾರೆ. ಆಮೇಲೆ ‘ದಿ ಸೆಡ್ ಲ್ಯಾಂಡ್ ಅಂಡ್ ದಿ ವೆಲ್ ದೇರ್‌ಆಫ್’ ಎಂದಿದೆ. ‘ಸೆಡ್’ ಎಂದರೆ ನಮ್ಮ ಬಾಂಡ್ ರೈಟರುಗಳು ಬರೆಯುವ ‘ಸದರಿ’. ‘ದೇರ್‌ಆಫ್’ ಎಂದರೆ ‘ಅದರ’. ಅಂದರೆ ಸದರಿ ಜಮೀನು ಮತ್ತು ಅದರ ಬಾವಿ. ಕೆಳಗಿನ ಸಾಲಿನಲ್ಲಿ ‘ದಿ ಟರ್ಮ್ಸ್ ಹಿಯರ್‌ಆಫ್’ ಎಂದಿದೆ. ‘ಹಿಯರ್‌ಆಫ್’ ಎಂದರೆ ‘ಇದರ’, ಅಂದರೆ ಈ ಕಾಗದದ, ನಿಮ್ಮ ಕೈಯಲ್ಲಿರುವ ಪತ್ರದ ಷರತ್ತುಗಳು. ದಸ್ತಾವೇಜಿನ ಭಾಷೆಯಲ್ಲಿ ‘ಹಿಯರ್’ ಬಂದಾಗ ಅದು ಸಾಮಾನ್ಯವಾಗಿ ಆ ಕಾಗದವನ್ನೇ ತೋರಿಸುತ್ತದೆ. ‘ದೇರ್’ ಬಂದರೆ ಅದರೊಳಗೆ ಹಿಂದೆ ಹೇಳಿದ ಬೇರೆ ವಸ್ತುವನ್ನು ತೋರಿಸುತ್ತದೆ. ‘ಹಿಯರ್‌ಬೈ’ ಅಂದರೆ ಈ ಪತ್ರದ ಮೂಲಕ. ಪ್ರಮಾಣಪತ್ರಗಳಲ್ಲಿ ‘ಐ ಹಿಯರ್‌ಬೈ ಡಿಕ್ಲೇರ್’ ಎಂಬುದರ ಕೆಳಗೆ ಸಹಿ ಹಾಕದವರು ನಮ್ಮಲ್ಲಿ ಕಡಿಮೆ. ‘ದೇರ್‌ಬೈ’ ಅಂದರೆ ಅದರ ಮೂಲಕ, ಅಂದರೆ ಈಗ ಹೇಳಿದ ಆ ಕೆಲಸದಿಂದ. ಇದರ ಎಂಬಲ್ಲಿ ಅದರ ಎಂದು ಓದಿದರೆ ಷರತ್ತು ಹೊಲದ ಮೇಲೆ ಬೀಳುತ್ತದೋ ಪತ್ರದ ಮೇಲೆ ಬೀಳುತ್ತದೋ ಎಂಬ ವ್ಯಾಜ್ಯಕ್ಕೆ ದಾರಿಯಾಗುತ್ತದೆ. ಆದ್ದರಿಂದ ಮೊದಲಕ್ಷರ ನೋಡದೆ ಇಂಥ ಸಾಲು ದಾಟಬೇಡಿ. ಹಕ್ಕಿನ ಪ್ರಶ್ನೆ ಇದ್ದರೆ ವಕೀಲರ ಕೈಗೆ ಕೊಡುವ ಮುನ್ನ ನೀವೂ ಒಮ್ಮೆ ಓದಿಕೊಳ್ಳಿ.

‘ಡಬ್ಲ್ಯು-ಎಚ್’ ಪದಗಳು ದಸ್ತಾವೇಜಿನಲ್ಲಿ ಪ್ರಶ್ನೆ ಕೇಳುವುದಿಲ್ಲ ಎಂಬುದನ್ನು ಇಲ್ಲಿ ಸೇರಿಸಬೇಕು. ‘ವೇರ್‌ಇನ್’, ‘ವೇರ್‌ಬೈ’, ‘ವೇರ್‌ಆಫ್’ ಎಲ್ಲ ಹಿಂದಿನ ಮಾತನ್ನು ಮುಂದಿನ ಮಾತಿಗೆ ಜೋಡಿಸುವ ಕೊಂಡಿಗಳು. ಕನ್ನಡ ಈ ಕೆಲಸವನ್ನು ‘ಬಂದ ಮನುಷ್ಯ’, ‘ಕೊಟ್ಟ ಹೊಲ’ ಎಂಬ ಕೃದಂತಗಳಿಂದ ಮಾಡಿ ಮುಗಿಸುತ್ತದೆ. ಇಲ್ಲಿ ಮರಾಠಿ ಹೆಚ್ಚು ನೆರವಿಗೆ ಬರುತ್ತದೆ. ಅದಕ್ಕೆ ಪ್ರಶ್ನೆಗೆ ಕಕಾರ ಬೇರೆ, ಕೊಂಡಿಗೆ ಜಕಾರ ಬೇರೆ: ‘ಕುಠೆ’ ಬೇರೆ, ‘ಜಿಥೆ’ ಬೇರೆ. ಮಹಾರಾಷ್ಟ್ರದ ಸರಕಾರಿ ಆದೇಶಗಳಲ್ಲಿ ‘ಜ್ಯಾಅರ್ಥೀ’ ಎಂದು ಶುರುವಾಗಿ ‘ತ್ಯಾಅರ್ಥೀ’ ಎಂದು ಮುಗಿಯುವ ಉದ್ದನೆಯ ವಾಕ್ಯಗಳನ್ನು ಗಡಿಯ ಜನ ನೋಡಿರುತ್ತಾರೆ. ಇಂಗ್ಲಿಷಿನ ‘ವೇರ್‌ಆ್ಯಸ್’ ಮತ್ತು ‘ನೌ ದೇರ್‌ಫೋರ್’ ಜೋಡಿ ಅದೇ. ಪತ್ರದ ಕೊನೆಗೆ ಬರುವ ‘ಇನ್ ವಿಟ್ನೆಸ್ ವೇರ್‌ಆಫ್’ ಎಂಬುದಕ್ಕೆ ‘ಇದಕ್ಕೆ ಸಾಕ್ಷಿಯಾಗಿ’ ಎಂದರೆ ಸರಿಹೋಗುತ್ತದೆ.

ಮಾತಿನಿಂದ ಹೋದ ಪದ ಕಾಗದದಲ್ಲಿ ಯಾಕೆ ಉಳಿಯುತ್ತದೆ ಎಂದು ಕೇಳುವವರಿಗೆ ನಾನು ಕಾಗವಾಡ ತಾಲ್ಲೂಕಿನ ಉಗಾರವನ್ನು ತೋರಿಸುತ್ತೇನೆ. ಉಗಾರ ಖುರ್ದ, ಉಗಾರ ಬುದ್ರುಕ ಎಂದು ಎರಡು ಊರು. ‘ಖುರ್ದ’ ಎಂದರೆ ಸಣ್ಣದು, ‘ಬುದ್ರುಕ’ ಎಂದರೆ ಹಿರಿದು. ಎರಡೂ ಫಾರಸಿಯಿಂದ ಬಂದವು. ನಮ್ಮಲ್ಲಿ ಯಾರೂ ಸಣ್ಣ ಮನೆಗೆ ಖುರ್ದ ಮನೆ ಅನ್ನುವುದಿಲ್ಲ. ಆದರೆ ಊರಿನ ಹೆಸರಿನಲ್ಲಿ, ಉತಾರದಲ್ಲಿ, ಬಸ್ಸಿನ ಬೋರ್ಡಿನಲ್ಲಿ ಅವು ಅಲುಗಾಡದೆ ಕೂತಿವೆ. ಒಂದು ಪದ ಬದಲಾದರೆ ಯಾವ ಊರು, ಯಾರ ಹೊಲ ಎಂಬ ಗೊಂದಲ ಆಗುತ್ತದೆ ಎಂಬ ಭಯದಿಂದ ದಾಖಲೆ ಹಳೆಯ ಪದವನ್ನು ಬಿಡುವುದಿಲ್ಲ. ಇಂಗ್ಲಿಷ್ ಕಾನೂನೂ ಇದೇ ಭಯದಿಂದ ‘ದೇರ್‌ಆಫ್’ ಹಿಡಿದುಕೊಂಡು ಕೂತಿದೆ.

ಕೋಷ್ಟಕಕ್ಕೆ ಒಂದು ಕಾಲದಲ್ಲಿ ಇನ್ನೊಂದು ಕಂಬ ಇತ್ತು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಇಂಗ್ಲಿಷಿನ ‘ಯಾನ್’, ‘ಯಾಂಡರ್’ ಪದಗಳು ಆ ಕಂಬದವು: ‘ಅಲ್ಲಿ’ಗಿಂತ ಆಚೆ, ಆದರೆ ಕಣ್ಣಿಗೆ ಕಾಣುವಷ್ಟು ದೂರ. “ಅಗಾ ಅಲ್ಲಿ” ಎಂದು ಕೈಯೆತ್ತಿ ತೋರಿಸುತ್ತೇವಲ್ಲ, ಆ ದೂರ. ಕನ್ನಡಕ್ಕೂ ಮೂರನೆಯ ಹೆಜ್ಜೆ ಇತ್ತು. ಹಳಗನ್ನಡದಲ್ಲಿ ಇವಂ, ಅವಂ ಇವುಗಳ ಜೊತೆಗೆ ‘ಉವಂ’ ಇದ್ದ. ಇದು, ಅದು ಇವುಗಳ ಜೊತೆಗೆ ‘ಉದು’ ಇತ್ತು. ತೀರ ಹತ್ತಿರವೂ ಅಲ್ಲ, ತೀರ ದೂರವೂ ಅಲ್ಲದ ನಡುವಿನ ಅಂತರಕ್ಕೆ ಆ ಉಕಾರ. 13ನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆಯುವ ಹೊತ್ತಿಗೆ ಇವಕ್ಕೆ ವ್ಯಾಕರಣದಲ್ಲಿ ಜಾಗ ಇತ್ತು. ಆಮೇಲೆ ಮಾತಿನಿಂದ ಹೋದವು. ಕನ್ನಡದ ಉಕಾರ ನಡುವಿನದು, ಇಂಗ್ಲಿಷಿನ ‘ಯಾನ್’ ಆಚೆಯದು. ಅಳತೆ ಒಂದೇ ಅಲ್ಲ. ಆದರೆ ದೂರವನ್ನು ಮೂರು ಹೆಜ್ಜೆಯಲ್ಲಿ ಅಳೆಯುತ್ತಿದ್ದ ಎರಡು ಭಾಷೆಗಳೂ ಎರಡು ಹೆಜ್ಜೆಗೆ ಬಂದು ನಿಂತವು.

ಓದುಗರ ಪ್ರಶ್ನೆಗಳ ಎರಡನೆಯ ಕಂತೆ ‘ದೌ’ ಪದದ್ದು. ‘ದೌ, ದೀ, ದೈ, ದೈನ್’ ನಾಲ್ಕೂ ಒಂದೇ ಥರ ಕಾಣುತ್ತವೆ. ಕನ್ನಡ ವಿಭಕ್ತಿ ಬಲ್ಲವರಿಗೆ ಇಲ್ಲಿ ಕಲಿಯುವುದು ಏನೂ ಇಲ್ಲ. ‘ದೌ’ ಎಂದರೆ ನೀನು. ‘ದೀ’ ಎಂದರೆ ನಿನ್ನನ್ನು ಅಥವಾ ನಿನಗೆ. ‘ದೈ’ ಎಂದರೆ ನಿನ್ನ. ‘ದೈನ್’ ಎಂದರೆ ನಿನ್ನದು. ಮುಂದಿನ ಪದ ಸ್ವರದಿಂದ ಶುರುವಾದರೆ ‘ನಿನ್ನ’ ಎಂಬ ಅರ್ಥದಲ್ಲೂ ‘ದೈನ್’ ಬರುತ್ತಿತ್ತು. ಇದರ ಬಹುವಚನ ‘ಯೀ’, ಅಂದರೆ ನೀವು. ಈಗ ಎಲ್ಲದಕ್ಕೂ ಬಳಸುವ ‘ಯೂ’ ಮೊದಲಿಗೆ ನಿಮ್ಮನ್ನು, ನಿಮಗೆ ಎಂಬ ಅರ್ಥಕ್ಕೆ ಮಾತ್ರ ಇತ್ತು. ಮುಂದೆ ದೊಡ್ಡವರೊಬ್ಬರನ್ನೇ ಬಹುವಚನದಲ್ಲಿ ಕರೆಯುವ ರೂಢಿ ಫ್ರೆಂಚಿನಿಂದ ಬಂತು. ಬರಬರುತ್ತ ಎಲ್ಲರಿಗೂ ‘ಯೂ’ ಆಗಿ, 17ನೆಯ ಶತಮಾನದಲ್ಲಿ ‘ದೌ’ ಸಾಮಾನ್ಯ ಮಾತಿನಿಂದ ಸರಿಯಿತು. ಆದರೂ ಉತ್ತರ ಇಂಗ್ಲೆಂಡಿನ ಹಳ್ಳಿಗಳಲ್ಲಿ ಬಹಳ ಕಾಲ ಉಳಿಯಿತು.

ಈ ಪದದ ಖಾರ ಎಷ್ಟಿತ್ತು ಎಂಬುದಕ್ಕೆ 1603ರ ಒಂದು ಮೊಕದ್ದಮೆ ಸಾಕ್ಷಿ. ವಿಂಚೆಸ್ಟರಿನಲ್ಲಿ ಸರ್ ವಾಲ್ಟರ್ ರಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆದಿತ್ತು. ಸರಕಾರದ ಪರ ವಾದಿಸಿದ ಅಟಾರ್ನಿ ಜನರಲ್ ಎಡ್ವರ್ಡ್ ಕೋಕ್ ಬೇಕಂತಲೇ ರಾಲಿಯನ್ನು ‘ದೌ’ ಎಂದು ಕರೆದ, ಹಾಗೆ ಕರೆಯುತ್ತಿದ್ದೇನೆ ಎಂದು ಒತ್ತಿಯೂ ಹೇಳಿದ. ದೊಡ್ಡ ಮನುಷ್ಯನನ್ನು ತುಂಬಿದ ಸಭೆಯಲ್ಲಿ ಏಕವಚನಕ್ಕೆ ಇಳಿಸುವುದು ಎಂಥ ಅವಮಾನ ಎಂದು ಈಗಿನ ಇಂಗ್ಲಿಷಿನವರಿಗೆ ಟಿಪ್ಪಣಿ ಓದಿಯೇ ತಿಳಿಯಬೇಕು. ಅಥಣಿಯ ಸಂತೆಯಲ್ಲಿ ನಡೆಯುವ ಜಗಳ ಕೇಳಿದವರಿಗೆ ಟಿಪ್ಪಣಿ ಬೇಡ. “ನೀ ಅನ್ನಬ್ಯಾಡ, ಮರ್ಯಾದಿ ಕೊಟ್ಟ ಮಾತಾಡು” ಎಂಬ ಮಾತು ಬಂತೆಂದರೆ ಜಗಳ ದುಡ್ಡಿನಿಂದ ಮಾನಕ್ಕೆ ಏರಿತು ಎಂದೇ ಅರ್ಥ.

ಹಾಗಾದರೆ ದೇವರಿಗೆ ‘ದೌ’ ಅನ್ನುವುದೇಕೆ? ಚರ್ಚಿನ ಓದುಗರೊಬ್ಬರು ಕೇಳಿದ ಪ್ರಶ್ನೆ ಇದು. ಪ್ರಾರ್ಥನೆಯಲ್ಲಿ ಕೇಳಿ ಕೇಳಿ ‘ದೌ’ ಎಂದರೆ ಅತಿ ಗೌರವದ ಪದ ಎಂದು ಜಗತ್ತಿನಾದ್ಯಂತ ಜನ ನಂಬಿಕೊಂಡಿದ್ದಾರೆ. ನಿಜ ತಿರುಗುಮುರುಗಾಗಿದೆ. 1611ರ ಬೈಬಲ್ಲಿನ ಅನುವಾದಕರು ಹೀಬ್ರೂ, ಗ್ರೀಕ್ ಮೂಲದಲ್ಲಿದ್ದ ಏಕವಚನ-ಬಹುವಚನದ ಭೇದ ಉಳಿಸಲು ಒಬ್ಬನಿದ್ದಲ್ಲಿ ‘ದೌ’ ಹಾಕಿದರು, ಅದು ದೇವರಾಗಲಿ ಕಳ್ಳನಾಗಲಿ. ನಮ್ಮಲ್ಲಿ ದೇವರ ಜೊತೆಗಿನ ಮಾತು ಮೊದಲಿನಿಂದಲೂ ಏಕವಚನದ್ದೇ. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಭಾರತ ಹುಣ್ಣಿಮೆಗೆ ಎರಡೂ ರಾಜ್ಯದಿಂದ ಜನ ಬರುತ್ತಾರೆ. ಕನ್ನಡದವರು “ಯವ್ವಾ, ನೀನ ಕಾಯಬೇಕ” ಅನ್ನುತ್ತಾರೆ, ಮರಾಠಿಯವರು ‘ತೂ’ ಅನ್ನುತ್ತಾರೆ. ಗುಡಿಯ ಹೊರಗೆ ಸಿಕ್ಕ ಹಿರಿಯರಿಗೆ ಮಾತ್ರ ಇಬ್ಬರೂ ಬಹುವಚನ. ಹೆತ್ತವ್ವನಿಗೂ ದೇವಿಗೂ ‘ನೀ’, ಹೊರಗಿನ ದೊಡ್ಡವರಿಗೆ ‘ನೀವು’: ಸಲುಗೆ ಮತ್ತು ಗೌರವ ಎರಡು ಬೇರೆ ದಾರಿ ಎಂದು ನಮಗೆ ಗೊತ್ತು. ಶೇಕ್ಸ್‌ಪಿಯರನ ನಾಟಕದಲ್ಲಿ ಒಬ್ಬ ಪಾತ್ರ ‘ಯೂ’ ಬಿಟ್ಟು ‘ದೌ’ಗೆ ಹೊರಳಿದರೆ ಅಲ್ಲಿ ಪ್ರೀತಿಯೋ ಸಿಟ್ಟೋ ತಾತ್ಸಾರವೋ ಹುಟ್ಟಿದೆ ಎಂದು ತಿಳಿಯಬೇಕು. ಈ ಹೊರಳು ಹಿಡಿಯುವ ಕಿವಿ ಕನ್ನಡಿಗರಿಗೆ ಹುಟ್ಟಿನಿಂದ ಇದೆ. ಮುಂಬೈ ಕರ್ನಾಟಕದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಡೆಪ್ಯುಟಿ ಚನ್ನಬಸಪ್ಪನವರು 1871ರಲ್ಲಿ ‘ಕಾಮಿಡಿ ಆಫ್ ಎರರ್ಸ್’ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ ಎಂದು ಕನ್ನಡಕ್ಕೆ ತಂದಾಗ, ಈ ಭೇದಕ್ಕೆ ಬೇಕಾದ ನೀನು-ನೀವು ನಮ್ಮ ಭಾಷೆಯಲ್ಲಿ ಸಿದ್ಧವಾಗಿಯೇ ಇದ್ದವು.

‘ದೌ’ ಜೊತೆ ಬರುವ ಕ್ರಿಯಾಪದಗಳೂ ಮುಖ ಹೋಲುವವೇ. ‘ಹ್ಯಾಸ್ಟ್’ ಮತ್ತು ‘ಹ್ಯಾತ್’, ‘ಡಸ್ಟ್’ ಮತ್ತು ‘ಡತ್’. ಕೊನೆಗೆ ‘ಎಸ್-ಟಿ’ ಇದ್ದರೆ ‘ನೀನು’ ಮಾಡಿದ ಕೆಲಸ, ‘ಟಿ-ಎಚ್’ ಇದ್ದರೆ ‘ಅವನು, ಅವಳು, ಅದು’ ಮಾಡಿದ ಕೆಲಸ. ನಾವು “ನೀ ಹೋಗತಿ”, “ಅವ ಹೋಗತಾನ” ಎಂದು ಬಾಲ ಬದಲಿಸುವ ಹಾಗೆ ಅವರೂ ಬದಲಿಸುತ್ತಿದ್ದರು. ಹಳೆಯ ಕರಾರುಗಳ ಮೊದಲ ಸಾಲಿನಲ್ಲಿ ಕಾಣುವ ‘ವಿಟ್ನೆಸೆತ್’ ಈ ಗುಂಪಿನದು: ಈ ಪತ್ರ ಸಾಕ್ಷಿ ಹೇಳುತ್ತದೆ ಎಂದರ್ಥ.

ಇನ್ನು ಅಂಗಡಿಗಳ ಅಲಂಕಾರದ ಬೋರ್ಡುಗಳಲ್ಲಿ ‘ಯೀ ಓಲ್ಡ್’ ಎಂದು ಬರೆದಿರುವುದನ್ನು ಫೋಟೋದಲ್ಲಿ ನೋಡಿ ಕೇಳಿದವರಿದ್ದಾರೆ. ಅಲ್ಲಿಯ ‘ಯೀ’ಗೂ ‘ನೀವು’ ಎಂಬರ್ಥದ ‘ಯೀ’ಗೂ ಸಂಬಂಧವೇ ಇಲ್ಲ. ಹಿಂದೆ ಇಂಗ್ಲಿಷಿನಲ್ಲಿ ‘ಟಿ-ಎಚ್’ ಧ್ವನಿಗೆ ‘ಥಾರ್ನ್’ ಎಂಬ ಒಂದೇ ಅಕ್ಷರ ಇತ್ತು. ಬರಬರುತ್ತ ಕೈಬರಹದಲ್ಲಿ ಅದು ‘ವೈ’ ಅಕ್ಷರದಂತೆ ಕಾಣತೊಡಗಿತು. ಯುರೋಪಿನ ಒಳನಾಡಿನಿಂದ ತರಿಸಿದ ಅಚ್ಚುಮೊಳೆಗಳಲ್ಲಿ ಥಾರ್ನ್ ಇಲ್ಲದ್ದರಿಂದ ಮುದ್ರಕರು ‘ವೈ’ ಮೊಳೆಯನ್ನೇ ಕೂಡಿಸಿದರು. ಕಣ್ಣಿಗೆ ‘ಯೀ’ ಕಂಡರೂ ಅದು ‘ದಿ’ಯೇ. ಹಳಗನ್ನಡದ ೞಕಾರ ನೋಡದವರು ಶಾಸನವನ್ನು ತಪ್ಪಾಗಿ ಓದುವಂತೆ ಇಂಗ್ಲಿಷರು ತಮ್ಮದೇ ಅಕ್ಷರ ಮರೆತು ತಪ್ಪಾಗಿ ಓದತೊಡಗಿದರು.

ಬಿಡಿ ಜೋಡಿಗಳೂ ಕೆಲವಿವೆ. ಹಳೆಯ ಸರಕಾರಿ ಕಾಗದದಲ್ಲಿ ‘ಜಿ-ಎ-ಓ-ಎಲ್’ ಎಂದಿದ್ದರೆ ಅದು ಜೈಲು, ‘ಗೋಲ್’ ಅಲ್ಲ. ನಡುವಿನ ಎರಡಕ್ಷರ ತಿರುಗಿ ಕೂತಿವೆ, ಅಷ್ಟೇ. ಅಡ್ಡಗುರುತಿಲ್ಲದ ‘ವೋಂಟ್’ ಎಂದರೆ ರೂಢಿ, ಗುರುತಿರುವುದು ‘ಮಾಡುವುದಿಲ್ಲ’ ಎಂಬ ನಿರಾಕರಣೆ. ಪದ್ಯಗಳಲ್ಲಿ ಬರುವ ‘ಇ-ಆರ್-ಇ’ ಎಂದರೆ ಮುಂಚೆ. ನಡುವೆ ಗುರುತು ಹಾಕಿ ಬರೆದದ್ದು ‘ಎವರ್’ ಪದದ ಮೊಟಕು ರೂಪ. ಇವಕ್ಕೆ ಕೋಷ್ಟಕ ಇಲ್ಲ, ಕಂಡಾಗ ಗುರುತು ಹಿಡಿಯಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ಹೇಳಬೇಕು. ಈ ಪದಗಳನ್ನು ಓದಲು ಕಲಿಯಿರಿ, ಬರೆಯಲು ಬಳಸಬೇಡಿ. ಅರ್ಜಿಯಲ್ಲಿ ‘ವೇರ್‌ಆಫ್’ ತುರುಕಿದರೆ ಅರ್ಜಿಗೆ ತೂಕ ಬರುವುದಿಲ್ಲ, ಓದುವವರಿಗೆ ತೊಂದರೆ ಹೆಚ್ಚುತ್ತದೆ. ಇದೇ ಮಾತು ಕನ್ನಡದ ದಸ್ತಾವೇಜಿಗೂ ಸಲ್ಲುತ್ತದೆ. ಹೊಲ ಮಾರುವವನಿಗೆ ತಾನು ಸಹಿ ಹಾಕಿದ ಕಾಗದ ಓದಿ ತಿಳಿಯುವಂತಿರಬೇಕು. ಅದು ಅವನ ಹಕ್ಕು.

ಶಿಕ್ಷಕ ಮಿತ್ರರಿಗೂ ಒಂದು ಕೋರಿಕೆ. ಬೋರ್ಡಿನ ಮೇಲೆ ಮೊದಲು ‘ಇಲ್ಲಿ, ಅಲ್ಲಿ, ಎಲ್ಲಿ’ ಸಾಲು ಬರೆಯಿರಿ. ಕೆಳಗೆ ‘ಇತ್ಲಾಗ, ಅತ್ಲಾಗ, ಎತ್ಲಾಗ’. ಅದರ ಕೆಳಗೆ ‘ಇಲ್ಲಿಂದ, ಅಲ್ಲಿಂದ, ಎಲ್ಲಿಂದ’. ಆಮೇಲೆ ಪಕ್ಕದಲ್ಲಿ ಇಂಗ್ಲಿಷಿನವನ್ನು ಮಕ್ಕಳಿಂದಲೇ ತುಂಬಿಸಿ. ಒಂದೇ ಪೀರಿಯಡ್ಡಿನ ಕೆಲಸ. ಕನ್ನಡ ಶಾಲೆಯಲ್ಲಿ ಕಲಿತವರಿಗೆ ಇಂಗ್ಲಿಷ್ ಒಲಿಯುವುದಿಲ್ಲ, ಮನೆಯ ಗಡಿಭಾಷೆ ನಾಲಿಗೆ ಕೆಡಿಸುತ್ತದೆ ಎಂಬ ಮಾತನ್ನು ನಮ್ಮ ಹುಡುಗರು ಸಣ್ಣಂದಿನಿಂದ ಕೇಳಿ ಕುಗ್ಗಿದ್ದಾರೆ. ಇಂಗ್ಲಿಷರೇ ಕಳೆದುಕೊಂಡ ಮೂರು ಸಾಲಿನ ಭೇದವನ್ನು, ನೀನು-ನೀವು ಎಂಬ ನಯವನ್ನು ಅದೇ ನಾಲಿಗೆ ದಿನವೂ ಬಳಸುತ್ತಿದೆ. ಇದನ್ನು ಅವರಿಗೆ ತೋರಿಸಿಕೊಡುವುದು ನಮ್ಮ ಜವಾಬ್ದಾರಿ. ಈ ವರ್ಷದ ಪಾಠದಿಂದಲೇ ಅದನ್ನು ಶುರುಮಾಡೋಣ.